'ಅಣ್ಣಾವ್ರ ಹಿಟ್ಸ್' ಫೋಲ್ಡರ್‌ನಲ್ಲಿ ಕಳೆದುಹೋದ ಇಬ್ಬರು

ನಮ್ಮ ಹಾಸ್ಟೆಲ್‌ನ ಒಂದು ರೂಮಿನಲ್ಲಿ ಜಪಾನಿನ ಬೀಝ್ ಅನ್ನೋ ರಾಕ್ ಜೋಡಿಯ ಪೋಸ್ಟರ್ ಇದೆ. ಗಿಟಾರ್ ತಕಹಿರೊ ಮತ್ಸುಮೊಟೊ, ಹಾಡೋದು ಕೋಶಿ ಇನಾಬಾ, ಶುರುವಾಗಿದ್ದು 1988ರಲ್ಲಿ. ಇಷ್ಟೂ ನಮಗೆ ಬಾಯಿಪಾಠ. ಅವರ ಯಾವ ಹಾಡು ಎಲ್ಲರಿಗೂ ಗೊತ್ತು, ಯಾವುದು ಅಪ್ಪಟ ಅಭಿಮಾನಿಗಳಿಗೆ ಮಾತ್ರ ಗೊತ್ತು ಅಂತ ರಾತ್ರಿ ಎರಡು ಗಂಟೆವರೆಗೆ ಜಗಳ ಆಡಿದ್ದೂ ಉಂಟು. ಜಪಾನಿ ಭಾಷೆ ನಮ್ಮಲ್ಲಿ ಯಾರಿಗೂ ಬರಲ್ಲ, ಅದು ಬೇರೆ ಮಾತು.

ಇದೇ ಗುಂಪು ರಾಜ್ಯೋತ್ಸವದ ಹಾಡಿನ ಪಟ್ಟಿ ಮಾಡೋಕೆ ಕೂತಾಗ ಐದೇ ನಿಮಿಷದಲ್ಲಿ ಕೆಲಸ ಮುಗೀತು. ಹೋದ ವರ್ಷದ ಪಟ್ಟಿಯನ್ನೇ ಇಳಿಸಿಕೊಂಡ್ವಿ. ಮೊದಲನೆಯದು 'ಗಂಧದ ಗುಡಿ'ಯ ಕನ್ನಡದ ಹಾಡು. ಅದರ ಎದುರಿಗೆ ನಾವು ಬರೆದಿದ್ದು ಒಂದೇ ಪದ: ಅಣ್ಣಾವ್ರು. ಹಾಡಿದ್ದು ಪಿ.ಬಿ. ಶ್ರೀನಿವಾಸ್. ರಾಗ ಹಾಕಿದ್ದು ಯಾರು ಅನ್ನೋ ಪ್ರಶ್ನೆ ಆ ರೂಮಿನಲ್ಲಿ ಯಾರಿಗೂ ಬರಲೇ ಇಲ್ಲ.

ಉತ್ತರ ಸಿಕ್ಕಿದ್ದು ಕಂಪಲಾಪುರದಲ್ಲಿ. ಹುಣಸೂರು-ಪಿರಿಯಾಪಟ್ಟಣದ ನಡುವೆ ಮಡಿಕೇರಿ ರಸ್ತೆಯಲ್ಲಿರೋ ಈ ಊರು, ತಂಬಾಕು ಹರಾಜು ಮಾರುಕಟ್ಟೆಯಿಂದ ಹೆಸರಾಗಿದೆ. ನಮ್ಮ ಗುಂಪಿನ ಒಬ್ಬನ ಮನೆ ಅಲ್ಲೇ. ಆಗಸ್ಟ್‌ನಲ್ಲಿ ಹೋಗಿದ್ದಾಗ ಬ್ಯಾರನ್‌ನಲ್ಲಿ ಸೊಪ್ಪು ಬೇಯ್ತಿತ್ತು. ಆ ದಿನಗಳಲ್ಲಿ ರಾತ್ರಿ ಯಾರಾದರೊಬ್ಬರು ಎದ್ದಿರಲೇಬೇಕು. ಸೌದೆ ಹಾಕ್ತಾ ಇರಬೇಕು, ಶಾಖ ಹೆಚ್ಚುಕಮ್ಮಿ ಆದರೆ ಎಲೆ ಕೆಡುತ್ತೆ, ಎಲೆ ಕೆಟ್ಟರೆ ಹರಾಜಿನಲ್ಲಿ ರೇಟು ಬೀಳುತ್ತೆ. ಗೆಳೆಯನ ತಂದೆ ನಿದ್ದೆ ತಡೆಯೋಕೆ ಪೆನ್‌ಡ್ರೈವ್ ಹಾಕಿದ ಒಂದು ಪುಟ್ಟ ಸ್ಪೀಕರ್ ಇಟ್ಟುಕೊಂಡಿದ್ರು. ಯಾವುದೋ ಹಳೇ ಹಾಡು, 'ನೀನ್ಯಾರು' ಅಂತ ಕೇಳೋ ತುಂಟ ಹಾಡು, ಬಂತು. ಯಾರದಿದು ಅಂಕಲ್ ಅಂದ್ವಿ.

"ರತ್ನಮಂಜರಿ ಕಣ್ರಪ್ಪಾ. ಇಲ್ಲೇ ಪಕ್ಕದ ಹುಣಸೂರು ಕೃಷ್ಣಮೂರ್ತಿ ಪಿಚ್ಚರ್ರು. ಹಾಡ್ತಿರೋನು ನಾಗೇಂದ್ರ. ರಾಜನ್-ನಾಗೇಂದ್ರ ಗೊತ್ತಿಲ್ವಾ? ಕನ್ನಡ ಸಂಘ ಅಂತೀರಿ!"

ನಾಚಿಕೆ ಆಯ್ತು. ವಾಪಸ್ ಬಂದು ಹುಡುಕಿದ್ವಿ.

ಮೈಸೂರಿನ ಶಿವರಾಂಪೇಟೆಯ ಅಣ್ಣತಮ್ಮಂದಿರು. ತಂದೆ ರಾಜಪ್ಪ ಮೂಕಿ ಚಿತ್ರಗಳಿಗೆ ಹಾರ್ಮೋನಿಯಂ, ಕೊಳಲು ನುಡಿಸ್ತಿದ್ದವರು. ರಾಜನ್ ಕೈಗೆ ಪಿಟೀಲು ಬಂತು, ನಾಗೇಂದ್ರ ಕೈಗೆ ಜಲತರಂಗ. ಐವತ್ತರ ದಶಕದ ಶುರುವಿನಲ್ಲಿ ಬಿ. ವಿಠಲಾಚಾರ್ಯರ 'ಸೌಭಾಗ್ಯಲಕ್ಷ್ಮಿ'ಯಿಂದ ಹೊರಟವರು ಕನ್ನಡದಲ್ಲೇ ಸುಮಾರು 200 ಚಿತ್ರಗಳಿಗೆ ಸಂಗೀತ ಕೊಟ್ಟರು. ತೆಲುಗಿನ 'ಪಂತುಲಮ್ಮ' ಕೂಡ ಅವರದೇ ಅಂದಾಗ ಪಕ್ಕದ ರೂಮಿನ ಕಡಪ ಹುಡುಗ ಅದರ ಹಾಡು ಗುನುಗಿಬಿಟ್ಟ. ನಮಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತು!

ನಿಜ ಹೇಳಬೇಕಂದ್ರೆ ಇವರ ಹಾಡುಗಳು ನಮಗೆ ಗೊತ್ತಿಲ್ಲದೇ ಏನಿಲ್ಲ. 'ಬಯಲು ದಾರಿ'ಯ ಎಸ್. ಜಾನಕಿ ಹಾಡು, 'ಹೊಂಬಿಸಿಲು' ಚಿತ್ರದ ದುಂಬಿಯ ಹಾಡು, ಇವೆಲ್ಲ ಅಮ್ಮಂದಿರು ಅಡುಗೆಮನೆಯಲ್ಲಿ ಗುನುಗಿದ್ದೇ. ಅಪ್ಪು ಹೋದ ಮೇಲೆ 'ಚಲಿಸುವ ಮೋಡಗಳು' ಚಿತ್ರದಲ್ಲಿ ಅವರು ಮಗುವಾಗಿ ಹಾಡಿದ್ದನ್ನ ನಾವೆಲ್ಲ ಸ್ಟೇಟಸ್ ಹಾಕಿಕೊಂಡು ಅತ್ತಿದ್ವಿ. ಅದೂ ಇವರದೇ ರಾಗ. ಅಂದರೆ ಹಾಡು ಕಳೆದುಹೋಗಿಲ್ಲ, ಹೆಸರು ಕಳೆದುಹೋಗಿದೆ. ಮೊಬೈಲ್‌ನಲ್ಲಿ ನಾವು ಹುಡುಕೋದು ಹೀರೋ ಹೆಸರಲ್ಲಿ, ಇಲ್ಲಾಂದ್ರೆ ಎಸ್‌ಪಿಬಿ ಹೆಸರಲ್ಲಿ. ಹಾಗೆ ಹುಡುಕಿದರೆ ಸಿಗೋದು ಅದೇ ಇಪ್ಪತ್ತು ಹಾಡು. ಬೀಝ್‌ನವರು ತಾವೇ ವೇದಿಕೆ ಮೇಲೆ ನಿಂತಿರ್ತಾರೆ, ಆದ್ದರಿಂದ ಒಂದು ಹಾಡು ಇಷ್ಟವಾದರೆ ಅವರ ಮುಂದಿನ ಹಾಡಿಗೆ ದಾರಿ ತಾನಾಗೇ ತೆರೆಯುತ್ತೆ. ನಮ್ಮವರು ಸದಾ ಹೀರೋ ಹಿಂದೆ. ಹೆಸರು ಹಿಡಿದು ಹೋಗದಿದ್ದರೆ ದಾರಿಯೇ ಇಲ್ಲ.

ಹೆಸರು ಹಿಡಿದು ಹೋದಾಗ ಏನೇನು ಸಿಕ್ತು ಅಂತೀರಾ! 'ಎರಡು ಕನಸು' ಅಂದರೆ ಎಲ್ಲರಿಗೂ ಯುಗಳಗೀತೆ ನೆನಪು. ಅದೇ ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸ್ ಬಾಡಿದ ಬಳ್ಳಿಯ ಬಗ್ಗೆ ಹಾಡ್ತಾರೆ. ಬಿಕ್ಕಳಿಕೆ ಇಲ್ಲ, ಅಬ್ಬರ ಇಲ್ಲ, ಒಬ್ಬ ಮನುಷ್ಯ ತನಗೆ ತಾನೇ ಹೇಳಿಕೊಳ್ಳೋ ಥರ ಇದೆ. ಅದು 1974. ಅದೇ ವರ್ಷ 'ಸಂಪತ್ತಿಗೆ ಸವಾಲ್' ಬಂದು ರಾಜ್‌ಕುಮಾರ್ ತಾವೇ ಹಾಡೋಕೆ ಶುರುಮಾಡಿದ್ರು. ಇದು ಗೊತ್ತಾದ ಮೇಲೆ ಆ ಹಾಡು ನಮಗೆ ಬೇರೆಯೇ ಥರ ಕೇಳಿಸ್ತಿದೆ.

ಇನ್ನೊಂದು 'ಪರಸಂಗದ ಗೆಂಡೆತಿಮ್ಮ', 1978. ಕಾದಂಬರಿ ಬರೆದ ಶ್ರೀಕೃಷ್ಣ ಆಲನಹಳ್ಳಿ ಎಚ್.ಡಿ. ಕೋಟೆ ತಾಲ್ಲೂಕಿನವರು. ಹಾಡು ಬರೆದ ದೊಡ್ಡರಂಗೇಗೌಡರು ಹಳ್ಳಿ ಮಾತನ್ನ ತಿದ್ದದೆ ಹಾಗೇ ಇಟ್ಟರು. ಪೇಟೆಯಲ್ಲಿ ಬೆಳೆದ ಅಣ್ಣತಮ್ಮಂದಿರು ಆ ಮಾತಿನ ನಡಿಗೆ ಕೆಡದ ಹಾಗೆ ರಾಗ ಹಾಕಿದರು. ಅದರಲ್ಲಿ ಎಸ್‌ಪಿಬಿ ಹಾಡಿದ ಸೂರ್ಯೋದಯದ ಹಾಡು ಎಲ್ಲರ ಬಾಯಲ್ಲಿದೆ. ಮಿಕ್ಕ ಹಾಡುಗಳನ್ನ ನಮ್ಮ ಯಾವ ಆರ್ಕೆಸ್ಟ್ರಾದವರೂ ಮುಟ್ಟಲ್ಲ. ನಮ್ಮ ಪ್ರಕಾರ ಇಡೀ ಚಿತ್ರದ ಹಾಡುಗಳನ್ನ ಒಂದೇ ಕೂತಲ್ಲಿ ಕೇಳಬೇಕು.

ಎಲ್ಲವೂ ಚಿನ್ನ ಅಂತ ನಾವು ಹೇಳ್ತಿಲ್ಲ. ಅಷ್ಟೊಂದು ಚಿತ್ರ ಮಾಡಿದಾಗ ಒಂದರ ಹಾಗೆ ಇನ್ನೊಂದು ಕೇಳಿಸೋದು ಇದ್ದೇ ಇದೆ, ಎಂಬತ್ತರ ದಶಕದ ಕೆಲವನ್ನ ನಾವೇ ಅರ್ಧಕ್ಕೆ ನಿಲ್ಲಿಸಿದ್ದೀವಿ.

ನಾಗೇಂದ್ರ 2000ದಲ್ಲಿ ಹೋದರು. ರಾಜನ್ ತೀರಿಕೊಂಡಿದ್ದು 2020ರ ಅಕ್ಟೋಬರ್ 11ರಂದು, ಎಸ್‌ಪಿಬಿ ಹೋಗಿ ಹದಿನಾರೇ ದಿನಕ್ಕೆ. ಎಸ್‌ಪಿಬಿಗಾಗಿ ನಾವೆಲ್ಲ ಪೋಸ್ಟ್ ಹಾಕಿದ್ವಿ. ನಮ್ಮ ಹಳೇ ಫೋನ್‌ಗಳನ್ನ ತೆಗೆದು ನೋಡಿದ್ವಿ, ರಾಜನ್ ಬಗ್ಗೆ ಒಬ್ಬರೂ ಒಂದು ಸಾಲು ಹಾಕಿಲ್ಲ.

ಈಗ ಸಂಘದಲ್ಲಿ ಜಗಳ ನಡೀತಿದೆ. ಗೊತ್ತಿಲ್ಲದ ಹಾಡು ಹಾಡಿದರೆ ಶಿಳ್ಳೆ ಬೀಳಲ್ಲ, ಜನ ಎದ್ದು ಕ್ಯಾಂಟೀನ್‌ಗೆ ಹೋಗ್ತಾರೆ ಅಂತ ಸೀನಿಯರ್ಸ್ ವಾದ. ಹೋಗಲಿ ಬಿಡಿ, ನಾವು ಕೇಳ್ತಿರೋದು ಅರ್ಧ ಗಂಟೆ ಮಾತ್ರ. ಜತೆಗೆ, ಪ್ರತಿ ಹಾಡಿಗೂ ಮುಂಚೆ ನಿರೂಪಕರು ಬರೆದವರ, ರಾಗ ಹಾಕಿದವರ ಹೆಸರು ಹೇಳಬೇಕು. ಇದಕ್ಕೆ ದುಡ್ಡು ಬೇಡ, ಹೆಚ್ಚುವರಿ ಮೈಕೂ ಬೇಡ.

'ರತ್ನಮಂಜರಿ' ಹಾಡಿಗೆ ನಾಗೇಂದ್ರರ ಆ ತುಂಟ ದನಿ ಹಿಡಿಯಬಲ್ಲ ಹುಡುಗ ಇನ್ನೂ ಸಿಕ್ಕಿಲ್ಲ. ಪಿಟೀಲು ನುಡಿಸೋರು ಮೆಕ್ಯಾನಿಕಲ್‌ನಲ್ಲಿ ಒಬ್ಬರಿದ್ದಾರೆ. ಜಲತರಂಗಕ್ಕೆ ಮೆಸ್ಸಿನ ಪಿಂಗಾಣಿ ಬಟ್ಟಲು ಕೇಳಿದ್ದೀವಿ, ವಾರ್ಡನ್ ಸರ್ ಇನ್ನೂ ಹ್ಞೂಂ ಅಂದಿಲ್ಲ. ಕಂಪಲಾಪುರದ ಅಂಕಲ್ ಮಾತ್ರ ಬ್ಯಾರನ್ ಕೆಲಸ ಮುಗಿದಿದ್ರೆ ಖಂಡಿತ ಬರ್ತೀನಿ, ಮುಂದಿನ ಸಾಲಲ್ಲಿ ಸೀಟು ಇಡಿ ಅಂದಿದ್ದಾರೆ.