ರಕ್ತದ ಗುಂಪು ನೋಡಿ ಸಂಬಂಧ ಮುರಿಯಬೇಡಿ, ಚುಚ್ಚುಮದ್ದು ತಪ್ಪಿಸಬೇಡಿ

ಮದುವೆ ಮಾತುಕತೆಗೆ ಕೂತ ಹಿರಿಯರೇ, ಮಗುವಿನ ಯೋಚನೆಯಲ್ಲಿರುವ ದಂಪತಿಗಳೇ,

ಜಾತಕದ ಜೊತೆಗೆ ಈಗ ರಕ್ತದ ಗುಂಪನ್ನೂ ಕೇಳುತ್ತಾರೆ. ಕೇಳಲಿ. ಆದರೆ ‘ಇಬ್ಬರದೂ ಒಂದೇ ಗುಂಪು, ಮಕ್ಕಳಾಗುವುದಿಲ್ಲ’ ಎಂದು ಕೂಡಿಬಂದ ಸಂಬಂಧ ಬಿಡುವುದು ಶುದ್ಧ ತಪ್ಪು. ಗುಂಪು ಒಂದೇ ಆದರೆ ಯಾವ ತೊಂದರೆಯೂ ಇಲ್ಲ. ಏಕನಾಡಿ ದೋಷವೆಂದರೆ ಇದೇ ಎನ್ನುವವರೂ ಇದ್ದಾರೆ. ನಾಡಿಕೂಟ ನೋಡುವುದು ಜನ್ಮನಕ್ಷತ್ರದಿಂದ, ಲ್ಯಾಬ್ ರಿಪೋರ್ಟಿನಿಂದಲ್ಲ!

ಎಚ್ಚರ ಬೇಕಿರುವುದು ಹೆಂಡತಿಯ ರಕ್ತದ ಗುಂಪು ನೆಗೆಟಿವ್, ಗಂಡನದು ಪಾಸಿಟಿವ್ ಆಗಿದ್ದಾಗ. ಮಗು ತಂದೆಯಂತೆ ಪಾಸಿಟಿವ್ ಆಗಬಹುದು. ಹೆರಿಗೆಯಲ್ಲಿ ಅದರ ರಕ್ತ ತುಸು ತಾಯಿಯ ಮೈ ಸೇರಿದರೂ ಸಾಕು, ಆಕೆಯ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಬಹುದು. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗದು. ಪೆಟ್ಟು ಬೀಳುವುದು ಮುಂದಿನ ಬಸಿರಿಗೆ. ಪ್ರತಿಕಾಯಗಳು ಮಾಸು ದಾಟಿ ಹೋಗಿ ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ರಕ್ತಹೀನತೆ, ತೀವ್ರ ಕಾಮಾಲೆ, ಕೆಲವೊಮ್ಮೆ ಹೊಟ್ಟೆಯಲ್ಲೇ ಸಾವು. ‘ಅವಳಿಗೆ ಮಕ್ಕಳು ದಕ್ಕುವುದಿಲ್ಲ’ ಎಂದು ಸೊಸೆಯನ್ನು ಹಳಿದ ಎಷ್ಟು ಮನೆಗಳಲ್ಲಿ ನಡೆದದ್ದು ಇದೇ ಇದ್ದೀತೋ!

ಇದನ್ನು ತಡೆಯುವ ಆಂಟಿ-ಡಿ ಚುಚ್ಚುಮದ್ದು 1968ರಿಂದ ಬಳಕೆಯಲ್ಲಿದೆ. ಬಸುರಿಗೆ ಕೂಂಬ್ಸ್ ಪರೀಕ್ಷೆ ಮಾಡಿ, ಪ್ರತಿಕಾಯ ಇಲ್ಲವೆಂದಾದರೆ 28ನೇ ವಾರದ ಹೊತ್ತಿಗೆ ಒಂದು ಕೊಡುತ್ತಾರೆ. ಹುಟ್ಟಿದ ಮಗು ಪಾಸಿಟಿವ್ ಆದರೆ 72 ಗಂಟೆಯೊಳಗೆ ಇನ್ನೊಂದು. ಪ್ರತಿಕಾಯ ಹುಟ್ಟಿಕೊಂಡ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ. ಜನ ಎಡವುವುದು ಗರ್ಭಪಾತದ ವಿಷಯದಲ್ಲಿ. ಮಗುವೇ ಉಳಿಯಲಿಲ್ಲ, ಇನ್ನೇಕೆ ಇಂಜೆಕ್ಷನ್ ಎಂದುಕೊಳ್ಳುತ್ತಾರೆ. ಗರ್ಭಪಾತವಾದರೂ, ನಾಳದಲ್ಲಿ ಬಸಿರು ನಿಂತರೂ, ಬಸುರಿಯ ಹೊಟ್ಟೆಗೆ ಪೆಟ್ಟು ಬಿದ್ದರೂ ‘ನನ್ನದು ನೆಗೆಟಿವ್’ ಎಂದು ವೈದ್ಯರಿಗೆ ತಕ್ಷಣ ಹೇಳಿ. ಗಂಡನೂ ನೆಗೆಟಿವ್ ಆಗಿದ್ದರೆ ಈ ಚಿಂತೆಯೇ ಇಲ್ಲ.

ಇನ್ನೊಂದು ಮಾತು. ಗುಂಪಿನ ನೆಪ ಹೇಳಿ ಹೊರಗಿನ ಹೆಣ್ಣು ಬಿಟ್ಟು, ಯಾವ ಪರೀಕ್ಷೆಯೂ ಇಲ್ಲದೆ ಅಕ್ಕನ ಮಗಳನ್ನೇ ತಂದುಕೊಳ್ಳುವುದು ಎಂಥ ಜಾಣತನ? ಥಲಸ್ಸೀಮಿಯಾ, ಸಿಕಲ್ ಸೆಲ್ ಕಾಯಿಲೆಗಳ ಅಂಶ ರಕ್ತಸಂಬಂಧಿಗಳಿಬ್ಬರಲ್ಲೂ ಅಡಗಿರುವ ಸಂಭವ ಹೆಚ್ಚು. ಇಬ್ಬರೂ ಒಂದೇ ಕಾಯಿಲೆಯ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಅದು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮದುವೆಗೆ ಮುಂಚೆ ಮಾಡಿಸಬೇಕಾದದ್ದು ಇಬ್ಬರೂ ವಾಹಕರೇ ಎಂದು ತಿಳಿಯುವ ಪರೀಕ್ಷೆ.

ನೆಗೆಟಿವ್ ಹೆಣ್ಣಿನಲ್ಲಿ ಯಾವ ಕೊರತೆಯೂ ಇಲ್ಲ. ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು ಬರೆದಿದೆಯೇ, ಇವತ್ತೇ ನೋಡಿ. ನೆಗೆಟಿವ್ ಎಂದಿದ್ದರೆ ನಾಳೆಯೇ ಗಂಡನ ರಕ್ತವನ್ನೂ ಪರೀಕ್ಷೆ ಮಾಡಿಸಿ.