ವಿದ್ಯೆಗಾಗಿ ತಂದ ಸಾಲ

ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಸಾಲಗಳನ್ನು ಹೊತ್ತು ಬರುವನೆಂದು ನಮ್ಮ ಪೂರ್ವಿಕರು ಹೇಳಿರುವರು. ಇವುಗಳಲ್ಲಿ ಋಷಿಋಣವು ಅಧ್ಯಯನದಿಂದಲೇ ತೀರತಕ್ಕದ್ದು. ಓದಿದರೆ ಸಾಲ ಹರಿಯುವದೆಂಬದು ಅಂದಿನ ಭಾವನೆ; ಓದಿನಿಂದಲೇ ಸಾಲವಾಗುವದು ಇಂದಿನ ಅನುಭವ.

ಹಿಂದೆ ನಮ್ಮ ಪ್ರಾಂತದ ಬಡ ವಿದ್ಯಾರ್ಥಿಗಳು ವಾರಾನ್ನದಿಂದಲೂ, ಧಾರವಾಡದ ಮುರುಘಾಮಠದಂಥ ಮಠಗಳ ಪ್ರಸಾದನಿಲಯಗಳಿಂದಲೂ ವಿದ್ಯಾವಂತರಾದರು. ಆ ಋಣಕ್ಕೆ ಬಡ್ಡಿಯಿರಲಿಲ್ಲ. ಈಗ ಪಾಲಿಟೆಕ್ನಿಕ್, ನರ್ಸಿಂಗ್ ಮೊದಲಾದ ಶಿಕ್ಷಣಕ್ಕಾಗಿ ಗುಡಗೇರಿಯಿಂದ ರೈಲು ಹತ್ತಿ ಹುಬ್ಬಳ್ಳಿಗೆ ಹೋಗುವ ಮಕ್ಕಳಿಗೆ ಶುಲ್ಕ ತುಂಬಲು, ಹತ್ತಿ-ಮೆಣಸಿನಕಾಯಿಗಳ ಆದಾಯ ಸಾಲದೆ, ಎಷ್ಟೋ ಗೃಹಸ್ಥರು ಬ್ಯಾಂಕಿನ ಮೆಟ್ಟಿಲು ಹತ್ತುವರು.

ಸಾಲ ತರುವದು ದೋಷವಲ್ಲ. ಅದರ ಸ್ವರೂಪವನ್ನು ಅರಿಯದೆ ತರುವದು ದೋಷ. 2015ರಲ್ಲಿ ಕೇಂದ್ರ ಸರಕಾರವು ಏರ್ಪಡಿಸಿದ ಖಾತರಿ ನಿಧಿಯ ಮೇರೆಗೆ ಏಳೂವರೆ ಲಕ್ಷ ರೂಪಾಯಿಗಳ ವರೆಗಿನ ಶಿಕ್ಷಣ ಸಾಲಕ್ಕೆ ಹೊಲಮನೆಗಳನ್ನು ಒತ್ತೆಯಿಡಬೇಕಾಗಿಲ್ಲ. ಆದರೆ ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಮಾಡುವದು ವಾಡಿಕೆ. ಓದು ಮುಗಿದು ಒಂದು ವರ್ಷದ ವರೆಗೆ ಕಂತು ಕಟ್ಟುವ ಅವಶ್ಯಕತೆಯಿಲ್ಲ. ಇದನ್ನೇ ಹಲವರು ‘ಬಡ್ಡಿಯಿಲ್ಲದ ಕಾಲ’ವೆಂದು ಭ್ರಮಿಸುವರು.

ಲೆಕ್ಕ ಹಾಕಿ ನೋಡೋಣ. ಮೂರು ವರ್ಷದ ಡಿಪ್ಲೊಮಾಕ್ಕೆ ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷದಂತೆ, ನೂರಕ್ಕೆ 10ರ ಸರಳ ಬಡ್ಡಿಯಿಂದ ಸಾಲ ತಂದರೆಂದು ತಿಳಿಯಿರಿ. ಮೊದಲನೆಯ ವರ್ಷಕ್ಕೆ 10,000, ಎರಡನೆಯದಕ್ಕೆ 20,000, ಮೂರನೆಯದಕ್ಕೆ 30,000, ಉದ್ಯೋಗ ಹುಡುಕುವ ವರ್ಷಕ್ಕೆ ಮತ್ತೆ 30,000 ರೂಪಾಯಿ ಬಡ್ಡಿ. ಮೊದಲ ಕಂತು ಕಟ್ಟುವ ಮುನ್ನವೇ 3 ಲಕ್ಷವು 3,90,000 ಆಗಿರುವದು!

ಆದಕಾರಣ ಸಾಧ್ಯವಿದ್ದವರು ಓದು ನಡೆದಿರುವಾಗಲೇ ತಿಂಗಳ ಬಡ್ಡಿಯನ್ನು ಕಟ್ಟುತ್ತ ಹೋಗಬೇಕು. ಮೊದಲ ವರ್ಷ ಅದು ತಿಂಗಳಿಗೆ ಸುಮಾರು 833 ರೂಪಾಯಿ ಮಾತ್ರ. ವರ್ಷದ ಆದಾಯ ನಾಲ್ಕೂವರೆ ಲಕ್ಷದೊಳಗಿರುವ ಕುಟುಂಬಗಳ ಪರವಾಗಿ ಈ ಕಾಲದ ಬಡ್ಡಿಯನ್ನು ಕೇಂದ್ರ ಸರಕಾರವು ಭರಿಸುವ ಯೋಜನೆಯು 2009ರಿಂದ ಉಂಟು. ಆದರೆ ಇದು ಎಲ್ಲ ಕಾಲೇಜು, ಎಲ್ಲ ಶಿಕ್ಷಣಕ್ಕೂ ಅನ್ವಯಿಸದು. ಪ್ರವೇಶಕ್ಕೆ ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಿರಿ. ಹಿಂದುಳಿದ ವರ್ಗದವರು ದೇವರಾಜ ಅರಸು ನಿಗಮದ ‘ಅರಿವು’ ಸಾಲವನ್ನು ಮೊದಲು ಕೇಳಬೇಕು. ಅದರ ಬಡ್ಡಿ ನೂರಕ್ಕೆ 2 ಮಾತ್ರ.

ಉದ್ಯೋಗ ದೊರೆಯದಿದ್ದರೆ ಬ್ಯಾಂಕಿನವರಿಗೆ ಮುಖ ತಪ್ಪಿಸುವದು ಕೂಡದು. ಮೂರು ತಿಂಗಳು ಕಂತು ನಿಂತರೆ ಅದು ಕೆಟ್ಟ ಸಾಲವೆನಿಸಿ, ಸಹಿ ಮಾಡಿದ ತಂದೆಯ ಹೆಸರಿಗೂ ಕಳಂಕ ಬರುವದು. ಮುಂದಿನ ಮುಂಗಾರಿಗೆ ಅವನು ಕೇಳುವ ಬೆಳೆಸಾಲಕ್ಕೂ ತೊಡಕಾದೀತು. ಅದಕ್ಕೆ ಮುಂಚೆಯೇ ಲಿಖಿತ ಅರ್ಜಿ ಕೊಟ್ಟು, ಕಂತನ್ನು ಕಿರಿದುಮಾಡಿ ಅವಧಿಯನ್ನು ಹೆಚ್ಚಿಸಿರೆಂದು ಬೇಡಿಕೊಳ್ಳಬೇಕು.

ಕೊನೆಯದಾಗಿ ಒಂದು ಮಾತು. ಮಗನಿರಲಿ, ಮಗಳಿರಲಿ, ಸಹಿಯ ಹಿಂದಿನ ದಿನ ಹತ್ತಿರ ಕೂಡ್ರಿಸಿಕೊಂಡು ಈ ಲೆಕ್ಕವನ್ನು ಅವರ ಕೈಯಿಂದಲೇ ಬರೆಸಿರಿ. ಮಕ್ಕಳ ಮನಸ್ಸು ನೊಂದೀತೆಂದು ಸಾಲವನ್ನು ಮುಚ್ಚಿಡುವ ತಂದೆತಾಯಿಗಳು, ಸಂಕೋಚದಿಂದ ನಿರುದ್ಯೋಗವನ್ನು ಮುಚ್ಚಿಡುವ ಮಕ್ಕಳು, ಇಬ್ಬರ ಮೌನದಲ್ಲಿಯೂ ಬಡ್ಡಿ ಬೆಳೆಯುತ್ತಲೇ ಇರುವದು.