ಮೂಗಿನ ಕೀವು, ಹಲ್ಲಿನ ಬೇರು

ತಿಂಗಳುಗಟ್ಟಲೆ ಬಿಡದ ನೆಗಡಿ. ಅದೂ ಒಂದೇ ಹೊಳ್ಳೆಯಲ್ಲಿ. ಸುರಿಯುವುದು ನೀರಲ್ಲ, ನಾರುವ ಕೀವು. ತಲೆ ಬಗ್ಗಿಸಿದರೆ ಕೆನ್ನೆಯೊಳಗೆ ಭಾರ. ಇಂತಹ ರೋಗಿಯು ನಮ್ಮ ಮಲೆನಾಡಿನಲ್ಲಿ ಮೊದಲು ದೂರುವುದು ಮಳೆಯನ್ನು, ಥಂಡಿಯನ್ನು, ಒಲೆಯ ಹೊಗೆಯನ್ನು. ಹಬೆ ಹಿಡಿಯುವನು, ಕಷಾಯ ಕುಡಿಯುವನು, ಗುಳಿಗೆ ನುಂಗುವನು. ಬಾಯಿ ತೆರೆದು ಹಲ್ಲು ತೋರಿಸಬೇಕೆಂದು ಅವನಿಗೂ ಹೊಳೆಯುವುದಿಲ್ಲ. ತೋರಿಸೆಂದು ಕೇಳುವ ವೈದ್ಯರೂ ವಿರಳ. ಈ ಕೇಳದಿರುವಿಕೆಯ ಬಗೆಗೇ ನಮ್ಮ ಆಕ್ಷೇಪ.

ಮೇಲ್ದವಡೆಯ ಎಲುಬಿನೊಳಗೆ, ಮೂಗಿನ ಎರಡೂ ಪಕ್ಕಗಳಲ್ಲಿ, ಗಾಳಿ ತುಂಬಿದ ಒಂದೊಂದು ಪೊಳ್ಳು ಉಂಟು. ಇದೇ ಸೈನಸ್. ಇಂಗ್ಲೆಂಡಿನ ವೈದ್ಯ ನೆಥಾನಿಯೆಲ್ ಹೈಮೋರನು 1651ರಲ್ಲಿ ಪ್ರಕಟಿಸಿದ ಅಂಗರಚನಾ ಗ್ರಂಥದಲ್ಲಿ ಇದನ್ನು ವಿವರವಾಗಿ ವರ್ಣಿಸಿದನು. ಹಲ್ಲು ಕಿತ್ತಾಗ ಈ ಪೊಳ್ಳು ಬಾಯೊಳಕ್ಕೆ ತೆರೆದುಕೊಂಡ ಮಹಿಳೆಯೊಬ್ಬಳ ವೃತ್ತಾಂತವನ್ನೂ ಹೇಳಿದನು. ಹಲ್ಲಿಗೂ ಸೈನಸಿಗೂ ಇರುವ ನೆರೆಹೊರೆ ಹೊಸ ಸಂಶೋಧನೆಯೇನಲ್ಲ. ಮೇಲಿನ ದವಡೆಹಲ್ಲುಗಳ ಬೇರಿನ ತುದಿಗೂ ಪೊಳ್ಳಿನ ನೆಲಕ್ಕೂ ನಡುವೆ ಅನೇಕರಲ್ಲಿ ಇರುವುದು ತೆಳುವಾದ ಎಲುಬಿನ ಪದರ. ಕೆಲವರಲ್ಲಿ ಅದೂ ಇಲ್ಲದೆ ಒಳಪೊರೆಯೊಂದೇ ಅಡ್ಡ. ಪೊಳ್ಳಿನ ಬಾಗಿಲಾದರೋ ಮೇಲ್ಗಡೆ ಇದೆ, ಹಂಡೆಯ ಕಂಠದಲ್ಲಿ ತೂತು ಕೊರೆದಂತೆ. ಸ್ವಸ್ಥನಲ್ಲಿ ಒಳಪೊರೆಯ ಸೂಕ್ಷ್ಮ ರೋಮಗಳು ಲೋಳೆಯನ್ನು ಆ ಬಾಗಿಲಿಗೆ ಏರಿಸುತ್ತಿರುತ್ತವೆ. ಪೊರೆ ಊದಿಕೊಂಡರೆ ಈ ಸಾಗಣೆ ನಿಂತು ಕೀವು ತಳದಲ್ಲೇ ಮಡುಗಟ್ಟುತ್ತದೆ.

ಹುಳುಕು ಹಲ್ಲಿನ ತಿರುಳನ್ನು ಮುಟ್ಟಿದಾಗ ಪ್ರಾಣ ಹೋಗುವಂತಹ ನೋವು. ಲವಂಗದೆಣ್ಣೆಯ ಹತ್ತಿಯಿಟ್ಟು ನಾಲ್ಕು ದಿನ ಸಹಿಸಿದ ಮೇಲೆ ನೋವು ತಾನಾಗಿ ನಿಂತರೆ ಮನೆಯವರೆಲ್ಲ ಹಲ್ಲು ಗುಣವಾಯಿತೆನ್ನುವರು. ನಿಂತದ್ದು ಅನೇಕ ವೇಳೆ ತಿರುಳು ಸತ್ತುದರಿಂದ. ರೋಗಾಣುಗಳು ಬೇರಿನ ತುದಿಗಿಳಿದು ಅಲ್ಲಿ ಸದ್ದಿಲ್ಲದೆ ಬೀಡುಬಿಡುತ್ತವೆ. ಕೀವು ಸೈನಸಿಗೆ ದಾರಿ ಮಾಡಿಕೊಂಡರಂತೂ ಒತ್ತಡವೇ ಇಳಿದು, ಹಲ್ಲು ನೋಯುವುದೇ ಇಲ್ಲ. ಅಡಕೆ ಬೆಳೆಯುವ ಸೀಮೆಯಲ್ಲಿ ಕವಳವನ್ನು ನಿಂದಿಸುವುದು ಸಾಹಸವೇ ಸರಿ. ಆದರೂ ಗಟ್ಟಿಯಾದ ಅಡಕೆ ಹೋಳುಗಳನ್ನು ವರ್ಷಾನುಗಟ್ಟಲೆ ಅಗಿದವರ ಹಲ್ಲು ತಿರುಳಿನವರೆಗೂ ಸವೆಯಬಹುದೆಂಬುದನ್ನು ಹೇಳದೆ ವಿಧಿಯಿಲ್ಲ.

ಈ ಸೈನಸಿನ ರೋಗಗಳಲ್ಲಿ ಹತ್ತಕ್ಕೊಂದು ಹಲ್ಲಿನಿಂದ ಬಂದುದೆಂಬುದು ಹಳೆಯ ಪಠ್ಯಗಳ ಎಣಿಕೆ. ಈಚಿನ ಅಧ್ಯಯನಗಳು ಅದಕ್ಕಿಂತ ಹೆಚ್ಚೆನ್ನುತ್ತವೆ. ಒಂದೇ ಪಕ್ಕದ ರೋಗದಲ್ಲಿ ಮತ್ತೂ ಹೆಚ್ಚು. ಆ್ಯಂಟಿಬಯಾಟಿಕ್ ಗುಳಿಗೆಯಿಂದ ಕೀವು ತಗ್ಗುವುದುಂಟು. ಆದರೆ ಸತ್ತ ತಿರುಳಿಗೆ ರಕ್ತಸಂಚಾರವಿಲ್ಲವಾಗಿ ಔಷಧ ಅಲ್ಲಿಗೆ ತಲುಪದು. ಗುಳಿಗೆ ಮುಗಿದ ಕೆಲದಿನಗಳಲ್ಲಿ ರೋಗ ಮರಳುತ್ತದೆ. ಬೇರುನಾಳವನ್ನು ಶುಚಿಗೊಳಿಸಿ ಮುಚ್ಚಬೇಕು, ಇಲ್ಲವೇ ಹಲ್ಲನ್ನು ಕೀಳಬೇಕು. ಕೆಲವರಿಗೆ ಮೂಗಿನ ಶಸ್ತ್ರಚಿಕಿತ್ಸೆಯೂ ಬೇಕಾದೀತು. ಕಣ್ಣಿನ ಸುತ್ತ ಬಾವು ಬಂದರೆ, ದೃಷ್ಟಿ ಮಂಜಾದರೆ, ಒಂದು ದಿನವೂ ತಡೆಯಬಾರದು.

ನೋಯದ ಹಲ್ಲಿಗಾಗಿ ಹೊಳೆ ದಾಟುವವರಾರು? ಈ ಮಾತನ್ನು ನಾವು ಅಲಂಕಾರಕ್ಕೆ ಹೇಳುತ್ತಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಹರಡಿದ ಮೇಲೆ, ಆಚೆ ದಡದ ತುಮರಿ ಸೀಮೆಯವರು ಸಾಗರಕ್ಕೆ ಬರಲು ದಶಕಗಳ ಕಾಲ ಹೊಳೆಬಾಗಿಲಿನ ಲಾಂಚನ್ನೇ ನೆಚ್ಚಿದ್ದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದು ಆ ಕಷ್ಟ ನೀಗಿತು. ದಾರಿಯೇನೋ ಆಯಿತು, ಆದರೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ದಂತವೈದ್ಯರಿಲ್ಲ. ಹಲ್ಲುದುರಿದ ಬಡ ವೃದ್ಧರಿಗೆ ಕಟ್ಟುಹಲ್ಲು ಕೊಡಿಸಲು ನಮ್ಮ ಸರ್ಕಾರ ಕಳೆದ ದಶಕದಲ್ಲಿ ‘ದಂತಭಾಗ್ಯ’ ಯೋಜನೆಯನ್ನು ತಂದಿತು. ಒಳ್ಳೆಯದೇ. ಉದುರುವ ಮುನ್ನವೇ ಹಲ್ಲನ್ನು ನೋಡಲು ದಂತವೈದ್ಯರೊಬ್ಬರು ತಾಲೂಕು ಕೇಂದ್ರದಿಂದ ಗೊತ್ತಾದ ದಿನ ಹಳ್ಳಿಗೆ ಬರುವಂತಾಗಬಾರದೇ?

ಅಷ್ಟಾಗುವವರೆಗೆ ಹಳ್ಳಿಯ ವೈದ್ಯರಿಂದಲೇ ಒಂದು ಉಪಕಾರವಾಗಬಹುದು. ಒಂದೇ ಹೊಳ್ಳೆಯಲ್ಲಿ ನಾರುವ ಕೀವಿದ್ದರೆ ಆ ಪಕ್ಕದ ಮೇಲ್ಹಲ್ಲುಗಳನ್ನು ನೋಡಿ, ಒಂದೊಂದನ್ನೂ ಮೆಲ್ಲಗೆ ತಟ್ಟಿ, ಹಿಂದೆ ನೋಯುತ್ತಿತ್ತೇ ಎಂದು ವಿಚಾರಿಸಬೇಕು. ಶಂಕೆಯಿದ್ದರೆ ದಂತವೈದ್ಯರಿಗೆ ಚೀಟಿ ಬರೆಯಬೇಕು. ಸಾಧಾರಣ ಎಕ್ಸ್‌ರೇಗೆ ಕಾಣದ ಬೇರಿನ ದೋಷ ಸಿ.ಟಿ. ಚಿತ್ರದಲ್ಲಿ ಎಷ್ಟೋ ವೇಳೆ ಕಾಣುತ್ತದೆ. ದಂತವೈದ್ಯರಿಗೂ ಒಂದು ಮಾತು: ಬರಿಯ ಸೈನಸ್ ರೋಗದಿಂದಲೂ ಮೇಲಿನ ನಾಲ್ಕಾರು ಹಲ್ಲುಗಳು ಒಟ್ಟಿಗೆ ಜುಮುಗುಟ್ಟುವುದುಂಟು. ಆಗ ಇಕ್ಕಳಕ್ಕೆ ಕೈಹಾಕುವ ಮುನ್ನ ಮೂಗಿನ ಸ್ಥಿತಿಯನ್ನು ವಿಚಾರಿಸಲಿ.